ಲಾನ್ ತುಂಬಾ ಪಾಚಿಯೇ? ಕೆರೆದು ತೆಗೆದರೆ ಸಾಲದು, ಕಾರಣ ಹುಡುಕಿ

ಗಂಗೊಳ್ಳಿ: ಮಳೆಗಾಲ ಮುಗೀತು ಅನ್ನುವ ಹೊತ್ತಿಗೆ ಮನೆ ಎದುರಿನ ಲಾನ್ ನೋಡಿದರೆ ಬೇಜಾರಾಗುತ್ತದೆ. ಅಲ್ಲಲ್ಲಿ ಹುಲ್ಲು ಸತ್ತು ಮಣ್ಣು ಕಾಣುತ್ತದೆ, ಉಳಿದ ಕಡೆ ದಪ್ಪ ಪಾಚಿ. ವಯಸ್ಸಾದವರು ಕಾಲಿಟ್ಟರೆ ಜಾರಿ ಬೀಳುವ ಭಯ. ಹಳೆಯದನ್ನು ಕಿತ್ತು ಹೊಸ ಹುಲ್ಲು ಹಾಕಿಸಿದರೂ ಮುಂದಿನ ಮಳೆಗೆ ಅದೇ ಕಥೆ. ದುಡ್ಡು ಹೋಯಿತು, ಪಾಚಿ ಉಳಿಯಿತು.

ಪಾಚಿ ಹುಲ್ಲನ್ನು ಕೊಲ್ಲುವುದಿಲ್ಲ. ಹುಲ್ಲು ಬದುಕಲಾಗದೆ ಬಿಟ್ಟ ಜಾಗದಲ್ಲಿ ಬಂದು ಕೂರುತ್ತದೆ. ಹಾಗಾಗಿ ಹುಲ್ಲು ಯಾಕೆ ಸತ್ತಿತು ಎಂದು ಮೊದಲು ನೋಡಬೇಕು.

ಹುಲ್ಲು ಸೋಲುವುದು ಎಲ್ಲಿ?

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ನೀರು ಮಣ್ಣಿನ ಸುಣ್ಣದ ಅಂಶವನ್ನೂ ಪೋಷಕಾಂಶವನ್ನೂ ತೊಳೆದುಕೊಂಡು ಹೋಗುವುದರಿಂದ ಮಣ್ಣು ಹುಳಿಯಾಗುತ್ತದೆ. ಅಂಗಳ ಎತ್ತರಿಸಲು ತುಂಬಿಸಿದ ಕೆಂಪು ಮಣ್ಣು ಓಡಾಟಕ್ಕೆ ಗಟ್ಟಿಯಾಗಿ ನೀರು ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಮೇಲಿಂದ ತೆಂಗು, ಮಾವಿನ ನೆರಳು. ಪಾಚಿಗೆ ನಿಜವಾದ ಬೇರೇ ಇಲ್ಲ. ತೇವ ಮತ್ತು ನೆರಳಿದ್ದರೆ ಸಾಕು.

ಯಾವಾಗ ಮಾಡಬೇಕು?

ನವರಾತ್ರಿಯಿಂದ ದೀಪಾವಳಿ ಕಳೆಯುವವರೆಗಿನ ದಿನಗಳು ಸೂಕ್ತ. ಬಿಸಿಲು ಮರಳಿರುತ್ತದೆ, ನೆಲದಲ್ಲಿ ಹಸಿ ಇರುತ್ತದೆ, ನಡುವೆ ಒಂದೆರಡು ಮಳೆಯೂ ಸಿಗುತ್ತದೆ. ಇಂಗ್ಲೆಂಡಿನಲ್ಲೂ ಲಾನ್ ದುರಸ್ತಿ ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಅವರದ್ದು ಚಳಿಗೆ ಮುಂಚಿನ ತಯಾರಿ, ನಮ್ಮದು ಬೇಸಿಗೆಗೆ ಮುಂಚಿನದ್ದು. ಮಾರ್ಚ್‌ಗೆ ಮುಂದೂಡಿದರೆ ಬಾವಿಯ ನೀರೆಲ್ಲ ಹುಲ್ಲಿಗೇ ಸುರಿಯಬೇಕಾದೀತು.

ಕೆಲಸದ ಕ್ರಮ

1. ನೆರಳು ಬೀಳಿಸುವ ಕೊಂಬೆ ಸವರಿ. ನೀರು ನಿಲ್ಲುವ ಕಡೆಯಿಂದ ಸಣ್ಣ ಕಣಿ ತೆಗೆದು ಹೊರಗೆ ಹರಿಯಲು ಬಿಡಿ.

2. ಎರಡು ದಿನ ಬಿಸಿಲು ಬಿದ್ದ ಮೇಲೆ ಹಲ್ಲಿರುವ ಕುಂಟೆಯಿಂದ ಪಾಚಿ ಕೆರೆದು ತೆಗೆಯಿರಿ.

3. ಬೆರಳು ದಪ್ಪದ ಕಬ್ಬಿಣದ ಸರಳಿನಿಂದ ಗೇಣಿಗೊಂದರಂತೆ, ಮೂರು ನಾಲ್ಕು ಇಂಚು ಆಳಕ್ಕೆ ಚುಚ್ಚಿ. ಆ ತೂತುಗಳಿಗೆ ಹೊಯ್ಗೆ ಮತ್ತು ಹಳೆಯ ಹಟ್ಟಿಗೊಬ್ಬರ ಬೆರೆಸಿ ಗುಡಿಸಿ ಬಿಡಿ. ಕಡಲ ಹೊಯ್ಗೆ ಬೇಡ, ಅದರಲ್ಲಿ ಉಪ್ಪಿರುತ್ತದೆ.

4. ಖಾಲಿ ಜಾಗಕ್ಕೆ ಹುಲ್ಲಿನ ತುಂಡುಗಳನ್ನು ನಾಲ್ಕು ಇಂಚು ಅಂತರದಲ್ಲಿ ನೆಟ್ಟು ಮಣ್ಣು ಒತ್ತಿ. ಚಿಗುರು ಬರುವವರೆಗೆ ನಿತ್ಯ ತೆಳುವಾಗಿ ನೀರು ಹಾಕಿ, ಅದರ ಮೇಲೆ ಓಡಾಟ ಬೇಡ.

5. ಕತ್ತರಿಸುವಾಗ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಬೋಳಾದ ನೆಲಕ್ಕೆ ಪಾಚಿ ಬೇಗ ಬರುತ್ತದೆ.

ಯಾವ ಹುಲ್ಲು?

ಇಡೀ ದಿನ ಬಿಸಿಲು ಬೀಳುವ ಕಡೆ ಗರಿಕೆ ಜಾತಿ ಒಳ್ಳೆಯದು. ಒಂದು ಬದಿ ಪಂಚಗಂಗಾವಳಿ, ಇನ್ನೊಂದು ಬದಿ ಅರಬ್ಬೀ ಸಮುದ್ರ ಇರುವ ಗಂಗೊಳ್ಳಿಯಲ್ಲಿ ಸ್ವಲ್ಪ ಉಪ್ಪುನೀರನ್ನೂ ತಡೆಯುವ ಗುಣ ಅದಕ್ಕಿದೆ. ಅರೆನೆರಳಿಗೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ಸರಿ, ಅದು ಹುಳಿ ಮಣ್ಣಿಗೂ ಹೊಂದುತ್ತದೆ. ದಟ್ಟ ನೆರಳಿನಲ್ಲಿ ಎರಡೂ ನಿಲ್ಲುವುದಿಲ್ಲ; ಅಲ್ಲಿ ಜಲ್ಲಿ ಹಾಸುವುದೇ ಲಾಭ.

ಸುಣ್ಣ, ಬ್ಲೀಚಿಂಗ್ ವಿಚಾರ

ಸುಣ್ಣವನ್ನು ಅಂದಾಜಿನ ಮೇಲೆ ಹಾಕುವಂತಿಲ್ಲ. ಅಂಗಳದ ನಾಲ್ಕೈದು ಕಡೆಯ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಪರೀಕ್ಷೆ ಬಗ್ಗೆ ವಿಚಾರಿಸಿ. ಸುಣ್ಣ ಮತ್ತು ಯೂರಿಯಾ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿ ಪಾಲಾಗುತ್ತದೆ. ಎರಡರ ನಡುವೆ ಕೆಲವು ವಾರ ಬಿಡಿ.

ಬ್ಲೀಚಿಂಗ್ ಪೌಡರ್, ಮೈಲುತುತ್ತು ಸುರಿದರೆ ಪಾಚಿ ಸಾಯುತ್ತದೆ ನಿಜ, ಹುಲ್ಲೂ ಸುಟ್ಟುಹೋಗಬಹುದು. ಮೈಲುತುತ್ತು ಹೊಳೆ ಸೇರಿದರೆ ಮೀನಿಗೆ ವಿಷ. ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆತರೆ ವಿಷಗಾಳಿ ಏಳುತ್ತದೆ. ಅಂಗಡಿಯವರು ಇವನ್ನು ಕೊಡುವಾಗ ‘ಬಾವಿ ಹತ್ತಿರ ಬೇಡ, ಯಾವುದರ ಜೊತೆಗೂ ಬೆರೆಸಬೇಡಿ’ ಎಂದು ಒಂದು ಮಾತು ಹೇಳಿದರೆ ಗಿರಾಕಿಗೂ ಊರಿಗೂ ಉಪಕಾರ.