ಉಗುರು ಹಳದಿಯಾಗಿ ಪುಡಿಯಾಗುತ್ತಿದೆಯೇ? ಉದಾಸೀನ ಬೇಡ



ಹಸುವಿನ ಗೊರಸು ಸ್ವಲ್ಪ ಸೀಳಿದರೂ ನಾವು ಪಶುವೈದ್ಯರನ್ನು ಕರೆಸುತ್ತೇವೆ. ಹಸು ಕುಂಟಿದರೆ ಹಾಲು ಇಳಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ನಮ್ಮದೇ ಕಾಲಿನ ಹೆಬ್ಬೆರಳ ಉಗುರು ವರ್ಷಗಟ್ಟಲೆ ದಪ್ಪಗಾಗಿ, ಹಳದಿಗಟ್ಟಿ, ಅಂಚಿನಲ್ಲಿ ಪುಡಿ ಉದುರುತ್ತಿದ್ದರೂ "ಕೆಸರಲ್ಲಿ ಓಡಾಡೋ ಕಾಲು, ಇನ್ನೇನಾದೀತು" ಎಂದು ಸುಮ್ಮನಾಗುತ್ತೇವೆ. ಅನೇಕ ವೇಳೆ ಇದಕ್ಕೆ ಕಾರಣ ಉಗುರಿಗೆ ಹಿಡಿದಿರುವ ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಷ್ಟು.

ನಮ್ಮ ಉಗುರು, ಹಸುವಿನ ಗೊರಸು ಮತ್ತು ಕೊಂಬಿನ ಮೇಲ್ಪದರ ಎಲ್ಲವೂ ಕೆರಾಟಿನ್ ಎಂಬ ಒಂದೇ ವಸ್ತುವಿನಿಂದ ಆಗಿವೆ. ಮೈಮೇಲೆ ಹುಳುಕಡ್ಡಿ ತರುವ ಜಾತಿಯ ಶಿಲೀಂಧ್ರಗಳಿಗೆ ಈ ಕೆರಾಟಿನ್ನೇ ಆಹಾರ. ಮೊದಲು ಕಾಲ್ಬೆರಳ ಸಂದಿಯಲ್ಲಿ ನವೆ, ಬಿಳಿಚಿಕೊಂಡ ತೊಗಲು ಕಾಣುತ್ತದೆ. ಅಲ್ಲಿಂದ ಅದು ಉಗುರಿನ ಅಂಚಿನಡಿಗೆ ಮೆಲ್ಲಗೆ ನುಗ್ಗುತ್ತದೆ. ನೋವಿಲ್ಲದ ಕಾರಣ ತಿಂಗಳುಗಟ್ಟಲೆ ತಿಳಿಯುವುದೇ ಇಲ್ಲ.

ತೇವ ಮತ್ತು ಬಿಸುಪು ಇದ್ದ ಕಡೆ ಇದು ಹೆಚ್ಚು. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ನಾಟಿಗೆ ಇಳಿದವರ ಕಾಲು ದಿನವಿಡೀ ನೀರಿನಲ್ಲಿರುತ್ತದೆ. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲಿ ಜಡಿಮಳೆ ಹಿಡಿದರೆ ಕೊಟ್ಟಿಗೆಯ ನೆಲ ವಾರಗಟ್ಟಲೆ ಒಣಗುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಮುರಿದು ಬಂದು, ಅದೇ ಒದ್ದೆ ಕಾಲಿನಲ್ಲಿ ಸಗಣಿ ಬಾಚಿ ಹಾಲು ಕರೆಯಲು ಕೂರುತ್ತೇವೆ. ಗಂಬೂಟು ಹಾಕುವುದು ಒಳ್ಳೆಯದೇ, ಆದರೆ ಒಳಗೆ ನೀರು ನಿಂತ ಗಂಬೂಟು ಬರಿಗಾಲಿಗಿಂತ ಕೆಟ್ಟದ್ದು.

ಕೈ ಉಗುರಿನ ಕಥೆ ಸ್ವಲ್ಪ ಬೇರೆ. ಹಾಲು ಕರೆಯುವುದು, ಕ್ಯಾನು ತೊಳೆಯುವುದು, ಪಾತ್ರೆ, ಬಟ್ಟೆ ಎಲ್ಲವೂ ಹೆಂಗಸರ ಪಾಲಿಗೇ ಬಿದ್ದಿರುವುದರಿಂದ ಅವರ ಕೈ ಒಣಗುವ ಹೊತ್ತೇ ಕಡಿಮೆ. ಉಗುರಿನ ಬುಡಕ್ಕೆ ಅಂಟಿಕೊಂಡಿರುವ ತೆಳು ತೊಗಲು ನೆನೆದು ಬಿಟ್ಟುಕೊಂಡರೆ ಆ ಸಂದಿನಲ್ಲಿ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರ ಸೇರಿಕೊಳ್ಳುತ್ತದೆ. ಬುಡ ಊದಿ ಕೆಂಪಾಗುತ್ತದೆ, ಉಗುರು ಅಡ್ಡಗೆರೆ ಬಿದ್ದು ಅಂಕುಡೊಂಕಾಗುತ್ತದೆ. ಇದು ತಿಂಗಳುಗಟ್ಟಲೆ ಇರುತ್ತದೆ. ಒಂದೆರಡು ದಿನದಲ್ಲೇ ಸಿಡಿಯುವ ನೋವಿನೊಂದಿಗೆ ಕೀವು ತುಂಬುವ ಉಗುರುಸುತ್ತು ಸಾಮಾನ್ಯವಾಗಿ ಬ್ಯಾಕ್ಟೀರಿಯಾದಿಂದ ಬರುವುದು. ಅದರ ಔಷಧಿಯೇ ಬೇರೆ. ಉಗುರುಸುತ್ತಿಗೆ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವುದು ನಮ್ಮಲ್ಲಿ ಹಳೆಯ ರೂಢಿ. ತಂಪೆನಿಸಬಹುದು, ಆದರೆ ಶಿಲೀಂಧ್ರ ಹಿಡಿದ ಬೆರಳನ್ನು ಹಾಗೆ ನೆನೆಹಾಕಿದರೆ ಅದಕ್ಕೆ ಬೇಕಾದ ತೇವವನ್ನು ನಾವೇ ಒದಗಿಸಿದಂತೆ. ಸುಣ್ಣ, ಸೀಮೆಎಣ್ಣೆ ಹಚ್ಚಿ ತೊಗಲು ಸುಟ್ಟುಕೊಳ್ಳುವುದಂತೂ ಬೇಡವೇ ಬೇಡ.

ಕೆಟ್ಟ ಉಗುರೆಲ್ಲ ಶಿಲೀಂಧ್ರದ್ದೇ ಎನ್ನುವಂತಿಲ್ಲ. ಸುಮಾರು ಅರ್ಧದಷ್ಟಕ್ಕೆ ಬೇರೆ ಕಾರಣಗಳಿರುತ್ತವೆ. ಹಸು ಕಾಲು ತುಳಿದರೆ ಉಗುರಿನಡಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಉಗುರು ಬೆಳೆದಂತೆ ಆ ಕಪ್ಪು ಮುಂದಕ್ಕೆ ಸರಿಯುತ್ತದೆ. ಹೊಗೆಸೊಪ್ಪಿನ ಅಂಟು ಮೇಲ್ಮೈಗೆ ಮಾತ್ರ ಬಣ್ಣ ಹಿಡಿಸುತ್ತದೆ. ಸೋರಿಯಾಸಿಸ್ ಇರುವವರ ಉಗುರೂ ಹೀಗೆಯೇ ದಪ್ಪಗಾಗಿ ಪುಡಿಯಾಗುತ್ತದೆ. ಪೆಟ್ಟು ಬೀಳದೆಯೇ ಕಪ್ಪು ಗೆರೆಯೊಂದು ಮೂಡಿ ಅಗಲವಾಗುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರಲೂಬಹುದು.

ಆದ್ದರಿಂದ ಮಾತ್ರೆಗೆ ಮೊದಲು ಪರೀಕ್ಷೆ. ಉಗುರಿನ ತುಣುಕು ಮತ್ತು ಅಡಿಯ ಪುಡಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸುಲಭದ, ಹೆಚ್ಚು ಖರ್ಚಿಲ್ಲದ ಪರೀಕ್ಷೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಆಗದಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತೋರಿಸಬಹುದು. ಹೋಗುವಾಗ ಗೋರಂಟಿ, ಉಗುರು ಬಣ್ಣ ಹಚ್ಚಿಕೊಂಡು ಹೋಗಬೇಡಿ.

ಶಿಲೀಂಧ್ರವೆಂದು ಖಚಿತವಾದರೆ ವೈದ್ಯರು ಸಾಮಾನ್ಯವಾಗಿ ಕೊಡುವುದು ಟರ್ಬಿನಾಫಿನ್ ಮಾತ್ರೆ. ದೊಡ್ಡವರಿಗೆ ದಿನಕ್ಕೆ 250 ಮಿಲಿಗ್ರಾಂನಂತೆ ಕೈ ಉಗುರಿಗೆ 6 ವಾರ, ಕಾಲುಗುರಿಗೆ 12 ವಾರ. ಕ್ಯಾಂಡಿಡಾ ಆಗಿದ್ದರೆ ಇಟ್ರಕೊನಜೋಲ್‌ನಂತಹ ಬೇರೆ ಮಾತ್ರೆಯನ್ನು ಆರಿಸಬಹುದು. ಇವು ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆಗಳಲ್ಲ. ಯಕೃತ್ತಿನ ತೊಂದರೆ ಇರುವವರು, ಹೆಂಡ ಕುಡಿಯುವವರು, ಹೃದಯ ದುರ್ಬಲವಾದವರು, ಬಸುರಿ ಬಾಣಂತಿಯರು ಮತ್ತು ಬೇರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಲೇಬೇಕು. ಒಂದೆರಡು ಉಗುರಿನ ತುದಿ ಮಾತ್ರ ಕೆಟ್ಟಿದ್ದರೆ ವಾರಕ್ಕೊಮ್ಮೆ ಬಳಿಯುವ ಅಮೊರೊಲ್ಫಿನ್ ದ್ರಾವಣ ಸಾಕಾಗಬಹುದು.

ಇಲ್ಲಿ ನಮ್ಮವರು ಎಡವುವುದು ತಾಳ್ಮೆಯಲ್ಲಿ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್, ಕಾಲುಗುರು ಅದರ ಅರ್ಧದಷ್ಟು ಮಾತ್ರ ಬೆಳೆಯುತ್ತದೆ. ಕೆಟ್ಟ ಭಾಗ ಬೆಳೆದು ಹೋಗಿ ಹೊಸ ಉಗುರು ಪೂರ್ತಿ ಬರಲು ಕೈಗೆ 6 ತಿಂಗಳು, ಕಾಲಿಗೆ ವರ್ಷದಿಂದ ಒಂದೂವರೆ ವರ್ಷ ಬೇಕು. ತಿಂಗಳಾದರೂ ಉಗುರು ಹಾಗೇ ಇದೆಯೆಂದು ಮಾತ್ರೆ ನಿಲ್ಲಿಸಿದರೆ ಹಾಕಿದ ಹಣ ನೀರುಪಾಲು. ಬುಡದಲ್ಲಿ ತಿಳಿಯಾದ ಹೊಸ ಉಗುರು ಮೂಡುತ್ತಿದೆಯೇ ನೋಡಿ. ಗುಣದ ಗುರುತು ಅದೇ. ಪೂರ್ತಿ ಚಿಕಿತ್ಸೆ ಪಡೆದರೂ ಕೆಲವರಿಗೆ ವಾಸಿಯಾಗದಿರುವುದು, ಮರುಕಳಿಸುವುದು ಉಂಟು.

ನವೆ ತಕ್ಷಣ ನಿಲ್ಲುತ್ತದೆಂದು ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚುವವರು ಬಹಳ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಎಂಬ ಹೆಸರು ಟ್ಯೂಬಿನ ಮೇಲಿದೆಯೇ ಓದಿ ನೋಡಿ. ಇವು ಉರಿಯನ್ನು ಅಡಗಿಸಿ ಶಿಲೀಂಧ್ರವನ್ನು ಒಳಗೊಳಗೇ ಹಬ್ಬಿಸುತ್ತವೆ.

ಸಕ್ಕರೆ ಕಾಯಿಲೆ ಇರುವ ಸದಸ್ಯರು ಇದನ್ನು ಅಂದದ ವಿಷಯವೆಂದು ಬಿಡಬಾರದು. ದಪ್ಪ ಉಗುರು ಪಕ್ಕದ ತೊಗಲನ್ನು ಒತ್ತಿ ಗಾಯ ಮಾಡುತ್ತದೆ, ಸ್ಪರ್ಶ ಕಡಿಮೆಯಾದ ಕಾಲಿಗೆ ಅದು ತಿಳಿಯುವುದಿಲ್ಲ. ಆ ಗಾಯಕ್ಕೆ ಕೊಟ್ಟಿಗೆಯ ಗಂಜಲ, ಸಗಣಿ ಸೇರಿದರೆ ಬೆರಳು, ಕೆಲವೊಮ್ಮೆ ಪಾದವನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಅಂಥವರು ಉಗುರನ್ನು ಬ್ಲೇಡಿನಿಂದ ಕೆತ್ತಬಾರದು, ಬರಿಗಾಲಿನಲ್ಲಿ ಕೊಟ್ಟಿಗೆಗೆ ಇಳಿಯಬಾರದು.

ದಿನನಿತ್ಯ ಮಾಡಬೇಕಾದ್ದು ದುಬಾರಿಯೇನಲ್ಲ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಕಾಲು ತೊಳೆದು, ಹಳೆಯ ಹತ್ತಿ ಬಟ್ಟೆಯಿಂದ ಬೆರಳ ಸಂದಿಗಳನ್ನೂ ಒರೆಸಿ. ಗಂಬೂಟನ್ನು ಬೋರಲು ಹಾಕಿ ಒಣಗಿಸಿ. ಉಗುರನ್ನು ನೇರವಾಗಿ ಕತ್ತರಿಸಿ. ರೋಗ ಹಿಡಿದ ಉಗುರಿಗೆ ಬಳಸಿದ ನೇಲ್ ಕಟರ್ ಬೇರೆಯವರಿಗೆ ಬೇಡ. ಹಾಲಿನಲ್ಲಿ ಬೆರಳದ್ದಿ ಕರೆಯುವ ಅಭ್ಯಾಸ ಬಿಡಿ. ಕೈ ತೊಳೆದು ಒರೆಸಿಕೊಂಡೇ ಕರೆಯಿರಿ. ಉಗುರಿನ ಶಿಲೀಂಧ್ರದಿಂದ ಹಾಲು ಕೆಡುತ್ತದೆಂಬ ಭಯ ಬೇಡ. ಆದರೆ ಕೀವು ತುಂಬಿದ ಉಗುರುಸುತ್ತಿನ ಕೈಯಲ್ಲಿ ಕರೆದರೆ ಹಸುವಿಗೆ ಕೆಚ್ಚಲು ಬಾವು ತಗುಲಬಹುದು. ವಾಸಿಯಾಗುವವರೆಗೆ ಮನೆಯ ಬೇರೆಯವರು ಕರೆಯಲಿ.

ಕೊನೆಗೆ ಕರುಗಳ ವಿಚಾರ. ಕಣ್ಣಿನ ಸುತ್ತ, ಕಿವಿ, ಕುತ್ತಿಗೆಯ ಮೇಲೆ ಬೂದು ಬಣ್ಣದ ದುಂಡನೆಯ ಹಕ್ಕಳೆ ಕಂಡರೆ ಅದೂ ಶಿಲೀಂಧ್ರವೇ. ಉಗುರಿಗೆ ಹತ್ತುವುದು ಅಪರೂಪವಾದರೂ ಕೈ, ಮುಖ, ಮಕ್ಕಳ ತಲೆಗೆ ಹರಡುತ್ತದೆ. ಅಂಥ ಕರುವನ್ನು ಬೇರೆ ಕಟ್ಟಿ, ಹಗ್ಗವನ್ನೂ ಬೇರೆ ಇಡಿ, ಬಿಸಿಲಿಗೆ ಬಿಡಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಇದರ ಬೀಜಾಣುಗಳು ಕಂಬ, ಹಗ್ಗಗಳಲ್ಲಿ ವರ್ಷಗಟ್ಟಲೆ ಬದುಕಿರಬಲ್ಲವು. ಮಗುವಿನ ಹುಳುಕಡ್ಡಿ ತೋರಿಸಲು ಆಸ್ಪತ್ರೆಗೆ ಹೋದಾಗ ಮನೆಯಲ್ಲಿ ಕರುವಿಗೂ ಹೀಗಿದೆ ಎಂದು ಮರೆಯದೆ ಹೇಳಿ. ಪಶುವೈದ್ಯರು ಬಂದಾಗ ಮಗುವಿನ ವಿಷಯವನ್ನು ಅವರಿಗೂ ತಿಳಿಸಿ.