ಪದ್ಮಿನಿಯ ಪೆಟ್ರೋಲ್ ವಾಸನೆ

ಕುಮಟಾದಲ್ಲಿ ನಮ್ಮ ಕ್ಲಾಸ್‌ಮೇಟ್ ಒಬ್ಬನ ಅಜ್ಜನ ಮನೆ. ಅಲ್ಲೊಂದು 1984ನೇ ಮಾಡೆಲ್ ಪ್ರೀಮಿಯರ್ ಪದ್ಮಿನಿ ಇದೆ. ಕಳೆದ ದೀಪಾವಳಿ ರಜೆಯಲ್ಲಿ ಅಜ್ಜ ಅದನ್ನು ಗುಜರಿಗೆ ಕೊಡೋದು ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಇಂಜಿನ್‌ಗೆ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಪೆಟ್ರೋಲ್ ವಾಸನೆಯದು. ಭಟ್ಕಳದ ಮಗಳ ಮನೆಗೆ ಹೋಗುವಾಗ ಹೊನ್ನಾವರ ದಾಟುವಷ್ಟರಲ್ಲಿ ಅಜ್ಜಿಗೆ ತಲೆ ಸುತ್ತಿ ವಾಂತಿ ಬರುತ್ತಿತ್ತು. ಆಮೇಲೆ ಅಜ್ಜಿ ಬಸ್ಸೇ ಸಾಕು ಅಂದರು.

"ಪೆಟ್ರೋಲ್ ಗಾಡಿ ಅಂದ್ಮೇಲೆ ಪೆಟ್ರೋಲ್ ವಾಸ್ನೆ ಬರೂದೇ ತಮಾ" ಅಂತ ಅಜ್ಜ ನಮಗೂ ಹೇಳಿದರು. ಇದು ತಪ್ಪು. ಸರಿಯಾಗಿರೋ ಹಳೇ ಕಾರಿನ ಬಾನೆಟ್ ತೆಗೆದಾಗ ಸ್ವಲ್ಪ ಬರಬಹುದು, ಆದರೆ ಸೀಟಿನಲ್ಲಿ ಕೂತವರಿಗೆ ಬರಬಾರದು. ಬಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ನಾವು ಮೂವರು, ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್. ಶೆಡ್ ನೋಡಿದಾಗ ನಮಗೆ ಭಯವಾದದ್ದು ಬೇರೆ ವಿಷಯಕ್ಕೆ. ಶೆಡ್ಡಿನ ಗೋಡೆಗೆ ತಾಗಿಯೇ ಬಚ್ಚಲುಮನೆ, ಅಲ್ಲಿ ಬೆಳಿಗ್ಗೆ ಐದಕ್ಕೇ ಒಲೆಗೆ ಬೆಂಕಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗೋದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಸುಮಾರು 1.4 ಶೇಕಡಾ ಇದ್ದರೂ ಬೆಂಕಿ ಹತ್ತುತ್ತದೆ. ಇನ್ನು ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ನಲವತ್ತು ಡಿಗ್ರಿಗೂ ಕೆಳಗೆ. ಅಂದರೆ ನಮ್ಮ ಕರಾವಳಿಯಲ್ಲಿ ವರ್ಷದ ಎಲ್ಲಾ ದಿನವೂ ಅದು ಹತ್ತಿಕೊಳ್ಳಲು ರೆಡಿ. ಮೊದಲ ಕೆಲಸವಾಗಿ ಕಾರನ್ನು ತಳ್ಳಿಕೊಂಡು ಹೋಗಿ ಅಂಗಳದ ಆ ತುದಿಯಲ್ಲಿ ನಿಲ್ಲಿಸಿದೆವು. ಬ್ಯಾಟರಿಯ ನೆಗೆಟಿವ್ ಕಳಚಿದೆವು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟೆವು. ನೀರು ಹಾಕಿದರೆ ಉರಿಯುವ ಪೆಟ್ರೋಲ್ ಅದರ ಮೇಲೆ ತೇಲಿ ಇನ್ನೂ ಹರಡುತ್ತದೆ, ಅದಕ್ಕೆ ಮರಳು.

ಅಜ್ಜ ಆಗಲೇ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದ್ದರು. ಅವರು ಕಾರ್ಬ್ಯುರೇಟರ್ ಬಿಚ್ಚಿ ಕ್ಲೀನ್ ಮಾಡಿ ಗ್ಯಾಸ್ಕೆಟ್ ಬದಲಾಯಿಸಿದ್ದರು. ವಾಸನೆ ಹೋಗಿರಲಿಲ್ಲ. ನಾವೂ ಬಾನೆಟ್‌ನಿಂದಲೇ ಶುರು ಮಾಡುತ್ತಿದ್ದೆವೇನೋ, ಆದರೆ ಸಿವಿಲ್‌ನವನು (ಅವನೇ!) ಕೇಳಿದ, ಯಾವಾಗ ವಾಸನೆ ಬರುತ್ತೆ ಅಂತ ಯಾರಾದರೂ ಅಜ್ಜಿಯನ್ನು ಕೇಳಿದ್ರಾ?

ಯಾರೂ ಕೇಳಿರಲಿಲ್ಲ. ಅಜ್ಜಿಯ ಉತ್ತರ ಸ್ಪಷ್ಟವಾಗಿತ್ತು. ಪೆಟ್ರೋಲ್ ಹಾಕಿಸಿಕೊಂಡು ಹೊರಟರೆ ಜೋರು, ತಿರುವಿನಲ್ಲಿ ಇನ್ನೂ ಜೋರು. ಭಟ್ಕಳದಿಂದ ವಾಪಸ್ ಬರುವಾಗ ಅಷ್ಟಿಲ್ಲ. ಹಿಂದಿನ ಸೀಟಿನಲ್ಲಿ ಹೆಚ್ಚು, ಮುಂದೆ ಕಡಿಮೆ. ನಮ್ಮ ಅರ್ಧ ಕೆಲಸ ಇಲ್ಲೇ ಮುಗಿಯಿತು. ಕಾರ್ಬ್ಯುರೇಟರ್‌ಗೆ ಟ್ಯಾಂಕ್ ಫುಲ್ಲೋ ಅರ್ಧವೋ ಗೊತ್ತಾಗೋದಿಲ್ಲ. ಟ್ಯಾಂಕ್ ತುಂಬಿದಾಗ ಮಾತ್ರ ಬರುವ ವಾಸನೆ ಟ್ಯಾಂಕಿನ ಮೇಲ್ಭಾಗದ್ದು.

ಪದ್ಮಿನಿ ಅಂದರೆ ಮೂಲದಲ್ಲಿ ಇಟಲಿಯ ಫಿಯೆಟ್ 1100. ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾದ 1089 ಸಿಸಿ ಇಂಜಿನ್. ಇದರ ಪೆಟ್ರೋಲ್ ಟ್ಯಾಂಕ್ ಇರುವುದು ಡಿಕ್ಕಿಯ ಒಳಗೇ. ಹೊರಗೆ ಮುಚ್ಚಳ ತೆಗೆದು ಪೆಟ್ರೋಲ್ ಹಾಕುವ ಪೈಪಿಗೂ ಟ್ಯಾಂಕಿಗೂ ನಡುವೆ ಒಂದು ದಪ್ಪ ರಬ್ಬರ್ ಹೋಸ್. ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಇರೋದು ತೆಳು ಹಲಗೆ, ಸುತ್ತ ಸಂದುಗಳು. ಕಾರು ಓಡುವಾಗ ಕಿಟಕಿ ತೆಗೆದಿದ್ದರೆ ಒಳಗಿನ ಒತ್ತಡ ಸ್ವಲ್ಪ ಕಡಿಮೆಯಾಗಿ ಡಿಕ್ಕಿಯ ಗಾಳಿಯನ್ನು ಒಳಗೆ ಎಳೆಯುತ್ತದೆ. ಅಜ್ಜಿ ಪಾಪ ವಾಸನೆ ಹೋಗಲಿ ಅಂತ ಕಿಟಕಿ ತೆಗೆಯುತ್ತಿದ್ದರು, ಅದರಿಂದಲೇ ಇನ್ನಷ್ಟು ಬರುತ್ತಿತ್ತು.

ಮೂಗನ್ನು ನಂಬಿ ಹುಡುಕುವುದರಲ್ಲಿ ಒಂದು ಕಷ್ಟ ಇದೆ. ಕೆಲವು ನಿಮಿಷಕ್ಕೆ ಮೂಗು ಒಗ್ಗಿಹೋಗಿ ವಾಸನೆಯೇ ಇಲ್ಲ ಅನಿಸುತ್ತದೆ. ಹಾಗಾಗಿ ಸರದಿಯಲ್ಲಿ ಒಬ್ಬೊಬ್ಬರೇ ತೋಟದ ಕಡೆ ಹೋಗಿ ಬಂದು ಡಿಕ್ಕಿಗೆ ತಲೆ ಹಾಕಿದೆವು. ಆಮೇಲೆ ಎಲ್ಲಾ ಜಾಯಿಂಟ್‌ಗಳನ್ನು ಒಣಬಟ್ಟೆಯಲ್ಲಿ ಒರೆಸಿ ಅಜ್ಜಿಯ ಮುಖಕ್ಕೆ ಹಾಕುವ ಪೌಡರ್ ಉದುರಿಸಿ, ಕಾರನ್ನು ಅತ್ತಿತ್ತ ಅಲುಗಾಡಿಸಿದೆವು. ಪೆಟ್ರೋಲ್ ಬೇಗ ಆರಿಹೋಗುತ್ತದೆ, ಆದರೆ ಪೌಡರ್ ಮೇಲೆ ಗೆರೆ ಉಳಿಯುತ್ತದೆ. ಹೋಸಿನ ಕೆಳಭಾಗದಲ್ಲಿ ಒದ್ದೆ ಗೆರೆ ಸಿಕ್ಕಿತು. ಮೇಲಿನಿಂದ ನೋಡಿದರೆ ಹೋಸ್ ಚೆನ್ನಾಗೇ ಇತ್ತು. ಬಿಚ್ಚಿ ಮಡಚಿದಾಗ ಬೇಸಿಗೆಯ ಗದ್ದೆಯ ಹಾಗೆ ಬಿರುಕು. ಕ್ಲಾಂಪ್ ಉಪ್ಪುಗಾಳಿಗೆ ತುಕ್ಕು ಹಿಡಿದು ಕೈಯಲ್ಲೇ ಮುರಿಯಿತು.

ಇದಕ್ಕೆ ವಯಸ್ಸು ಒಂದೇ ಕಾರಣ ಅಲ್ಲ ಅನ್ನೋದು ನಮ್ಮ ಅಭಿಪ್ರಾಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20, ಅಂದರೆ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್, ಈಗ ಎಲ್ಲ ಕಡೆ ಬಂದಿದೆ. ಎಂಬತ್ತರ ದಶಕದ ರಬ್ಬರನ್ನು ಎಥನಾಲ್‌ಗೋಸ್ಕರ ಮಾಡಿರಲಿಲ್ಲ. ಎಥನಾಲ್ ಅದನ್ನು ಉಬ್ಬಿಸಿ ಅದರ ಮೆದುತನ ಕೊಡುವ ಅಂಶವನ್ನು ಕರಗಿಸುತ್ತದೆ, ಒಣಗಿದಾಗ ರಬ್ಬರ್ ಗಡುಸಾಗಿ ಸೀಳುತ್ತದೆ. ಜೊತೆಗೆ ಎಥನಾಲ್ ನೀರು ಹೀರುತ್ತದೆ. ನಮ್ಮ ಕಡೆಯ ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಕಬ್ಬಿಣದ ಟ್ಯಾಂಕಿಗೆ ಇದು ಒಳ್ಳೆಯದಲ್ಲ. ಹಾಗಂತ ಕಾರು ಎಸೆಯಬೇಕಿಲ್ಲ, ರಬ್ಬರ್ ಭಾಗ ಬದಲಾಯಿಸಿದರೆ ಸಾಕು.

ಹೋಸ್ ಸಿಗುವುದೇ ಕಷ್ಟವಾಯಿತು. ಕೇಳಿದ ಮೊದಲ ಅಂಗಡಿಯಲ್ಲಿ ಅದೇ ಅಳತೆಯ ರೇಡಿಯೇಟರ್ ಹೋಸ್ ಕೊಟ್ಟು "ಇದೇ ಹಾಕಿ, ಗಟ್ಟಿ ಇದೆ" ಅಂದರು. ನಾವೂ ತಂದೆವು. ರೇಡಿಯೇಟರ್ ಹೋಸ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ಬಿಸಿನೀರಿಗೆ ಅದ್ಭುತ, ಪೆಟ್ರೋಲಿಗೆ ಆಗೋದೇ ಇಲ್ಲ. ಮೆಟೀರಿಯಲ್ಸ್ ಸಬ್ಜೆಕ್ಟಿನಲ್ಲಿ ಓದಿದ್ದು ನೆನಪಾಗಿ ಒಂದು ತುಂಡನ್ನು ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಹಾಕಿ ರಾತ್ರಿ ಇಟ್ಟೆವು. ಬೆಳಿಗ್ಗೆ ಕಣ್ಣಿಗೇ ಕಾಣುವಷ್ಟು ಉಬ್ಬಿ ಮೆತ್ತಗಾಗಿತ್ತು. ಕೊನೆಗೆ ಮಂಗಳೂರಿನಿಂದ ಪೆಟ್ರೋಲ್‌ಗೆಂದೇ ಮಾಡಿದ ಫಿಲ್ಲರ್ ಹೋಸ್ ತರಿಸಿದೆವು. ಸಣ್ಣ ಲೈನ್‌ಗಳಿಗೆ ಎಸ್‌ಎಇ ಜೆ30 ಆರ್9 ಅಂತ ಮೇಲೆ ಅಚ್ಚಾಗಿರುವ ಹೋಸ್ ಹಾಕಿದೆವು. ಟ್ಯಾಂಕಿನ ಪೆಟ್ರೋಲನ್ನು ಕೈಪಂಪಿನಲ್ಲಿ ತೆಗೆದೆವು. ಬಾಯಲ್ಲಿ ಎಳೆಯಬೇಡಿ, ಶ್ವಾಸಕೋಶಕ್ಕೆ ಒಂದು ಗುಟುಕು ಹೋದರೂ ಆಸ್ಪತ್ರೆಯೇ.

ಮರುದಿನ ಡಿಕ್ಕಿಯಲ್ಲಿ ವಾಸನೆ ಇಲ್ಲ. ಆದರೆ ಬಾನೆಟ್ ಕಡೆ ಸಣ್ಣಗೆ ಇತ್ತು! ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿದರೆ ಆಯಿಲ್ಲೇ ಪೆಟ್ರೋಲ್ ನಾರುತ್ತಿತ್ತು, ಮಟ್ಟವೂ ಮೇಲಿನ ಗೆರೆ ದಾಟಿತ್ತು. ಈ ಇಂಜಿನ್ನಿನ ಪೆಟ್ರೋಲ್ ಪಂಪ್ ಮೆಕ್ಯಾನಿಕಲ್ ಮಾದರಿಯದು, ಒಳಗಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ನೇರ ಆಯಿಲ್‌ಗೆ ಇಳಿಯುತ್ತದೆ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ. ರಿಪೇರಿ ಕಿಟ್ ಹಾಕಿ ಆಯಿಲ್ ಬದಲಾಯಿಸಿದೆವು. ಅಲ್ಲಿಯವರೆಗೆ ಒಂದೇ ಕಡೆ ಸೋರುತ್ತಿದೆ ಅಂತ ನಾವು ಅಂದುಕೊಂಡಿದ್ದೆವು.

ಫುಲ್ ಟ್ಯಾಂಕ್ ಹಾಕಿಸಿ ಭಟ್ಕಳಕ್ಕೆ ಹೊರಟೆವು, ಅಜ್ಜಿ ಹಿಂದೆ, ಕೈಯಲ್ಲಿ ಲಿಂಬೆಹಣ್ಣು. ಹಳದೀಪುರ, ಕರ್ಕಿ, ಹೊನ್ನಾವರ ದಾಟಿತು. ಶರಾವತಿ ಸೇತುವೆ ದಾಟುತ್ತಿದ್ದಂತೆ ಅಜ್ಜಿ ಮೂಗು ಮುಚ್ಚಿಕೊಂಡರು. ನಮ್ಮ ಎದೆ ಧಸಕ್ ಅಂದಿತು. ಕಾರು ನಿಲ್ಲಿಸಿ ಡಿಕ್ಕಿ ತೆಗೆದು ನೋಡಿದರೆ ಎಲ್ಲ ಒಣಗಿಯೇ ಇದೆ. ಆಮೇಲೆ ಗೊತ್ತಾಯಿತು, ಅದು ಕಾಸರಕೋಡಿನ ಕಡೆಯಿಂದ ಬಂದ ಒಣಮೀನಿನ ಗಾಳಿ.

ಹೊಸ ರಬ್ಬರ್ ಸ್ವಲ್ಪ ದಿನಕ್ಕೆ ಕೂರುತ್ತದೆ, ಆಗ ಕ್ಲಾಂಪ್ ಸಡಿಲವಾಗುತ್ತದೆ. ಹಾಗಾಗಿ ಮುಂದಿನ ರಜೆಯಲ್ಲಿ ಹೋಗಿ ಇನ್ನೊಮ್ಮೆ ಬಿಗಿ ಮಾಡಬೇಕು. ಕಾರು ಈಗ ನಿಲ್ಲೋದು ಅಂಗಳದ ಆ ತುದಿಯಲ್ಲೇ, ಅಜ್ಜ ಅಲ್ಲಿಗೆ ತಗಡಿನ ಮಾಡು ಹಾಕಿಸಿದ್ದಾರೆ.