ಮಿತಾಕ್ಷರೆಯ ಕಾಲುಪಾಲು

ರೋಮಿನ ನ್ಯಾಯವೇತ್ತ ಗಾಯಸ್ ಶಾಸನ ರಚಿಸುವ ಅಧಿಕಾರ ಪಡೆದವನಲ್ಲ. ಆದರೂ ಅವನ ಕಾಲದ ಎರಡು ಶತಮಾನಗಳ ಅನಂತರ, ಕ್ರಿ.ಶ. 426ರ ರಾಜಾಜ್ಞೆಯು ಅವನ ಬರಹಗಳಿಗೆ ನ್ಯಾಯಾಲಯಗಳಲ್ಲಿ ಪ್ರಾಮಾಣ್ಯವನ್ನು ನೀಡಿತು. ವ್ಯಾಖ್ಯಾನವೇ ಕಾನೂನಾಗುವ ಈ ಪ್ರಕ್ರಿಯೆಗೆ ಕನ್ನಡನಾಡಿನ ನಿದರ್ಶನ ವಿಜ್ಞಾನೇಶ್ವರ. ಕಲಬುರಗಿ ಜಿಲ್ಲೆಯ ಮರತೂರಿನೊಡನೆ ಗುರುತಿಸಲಾಗುವ ಈ ವಿದ್ವಾಂಸನು ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಅದರ ದಾಯವಿಭಾಗವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ ಮೇಲೆ, ಬಂಗಾಳವನ್ನುಳಿದು ಭಾರತದ ಬಹುಭಾಗದ ನ್ಯಾಯಾಲಯಗಳು ಅದನ್ನೇ ಆಧರಿಸಿದವು.

ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ತತ್ತ್ವದಿಂದ ಈ ಗ್ರಂಥ ಪ್ರಸಿದ್ಧ. ಹೆಣ್ಣುಮಕ್ಕಳಿಗೆ ಅದರಲ್ಲಿ ಏನೂ ಇಲ್ಲವೆಂಬ ಭಾವನೆ ರೂಢವಾಗಿದ್ದರೂ ಅದು ಪೂರ್ಣ ಸರಿಯಲ್ಲ. ಅವಿವಾಹಿತ ಸೋದರಿಗೆ ನಾಲ್ಕನೆಯ ಒಂದಂಶ ಕೊಡಬೇಕೆಂದು ಮೂಲಸ್ಮೃತಿ ಹೇಳುತ್ತದೆ. ಇದು ಮದುವೆಯ ವೆಚ್ಚಕ್ಕಷ್ಟೆ ಸಂಬಂಧಿಸಿದ್ದೆಂಬ ಭಾರುಚಿಯ ಪಕ್ಷವನ್ನು ವಿಜ್ಞಾನೇಶ್ವರ ನಿರಾಕರಿಸಿ, ತಂದೆಯ ಮರಣಾನಂತರ ಕನ್ಯೆಯೂ ದಾಯಭಾಗಿನಿ ಎಂದು ಸಾಧಿಸುತ್ತಾನೆ. ಲೆಕ್ಕವನ್ನೂ ಬಿಡಿಸಿದ್ದಾನೆ: ಒಬ್ಬ ಮಗ, ಒಬ್ಬ ಮಗಳಿದ್ದರೆ ಸ್ವತ್ತನ್ನು ಎರಡಾಗಿಸಿ, ಒಂದು ಭಾಗವನ್ನು ಮತ್ತೆ ನಾಲ್ಕಾಗಿಸಿ, ಅದರಲ್ಲೊಂದನ್ನು ಮಗಳಿಗೆ ಕೊಡಬೇಕು, ಅಂದರೆ ಎಂಟರಲ್ಲೊಂದು. ಪಾಲು ಕಿರಿದು, ಆದರೆ ಅದು ಹಕ್ಕು, ದಯೆಯಲ್ಲ. ಬ್ರಿಟಿಷರ ಕಾಲದ ನ್ಯಾಯವ್ಯವಹಾರದಲ್ಲಿ ಈ ಭಾಗವೇ ಮರೆಯಾಗಿ, ಭಾರುಚಿ ಹೇಳಿದ ಮದುವೆಯ ವೆಚ್ಚ ಮಾತ್ರ ಉಳಿದದ್ದು ವಿಪರ್ಯಾಸ.

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯಂತಹ ಕೃಷಿಗ್ರಾಮಗಳ ಅವಿಭಕ್ತ ಕುಟುಂಬಗಳಿಗೆ ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಈ ಪ್ರದೇಶ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ 1933ರ ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಅಧಿನಿಯಮ ಇಲ್ಲಿಗೆ ಅನ್ವಯಿಸಿತು. ವಿಭಜನೆಯ ಸಂದರ್ಭದಲ್ಲಿ ಅವಿವಾಹಿತ ಮಗಳಿಗೆ ಸೋದರನ ಪಾಲಿನ ಕಾಲುಭಾಗವನ್ನು ಅದು ವಿಧಿಸಿತು. ಮಿತಾಕ್ಷರೆಯ ಗಣನೆಗಿಂತ ಕ್ರಮ ಕೊಂಚ ಬೇರೆಯಾದರೂ ಕಾಲುಪಾಲು ಮರಳಿ ಬಂದಿತೆನ್ನಬಹುದು. ಹಿಸ್ಸೆಯೇ ಆಗದಿದ್ದರೆ ಮಾತ್ರ ಆ ಹಕ್ಕು ಕಾಗದದಲ್ಲೇ ಉಳಿಯುತ್ತಿತ್ತು.

1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಮಗಳನ್ನೂ ಹುಟ್ಟಿನಿಂದಲೇ ಸಹದಾಯಾದಿಯಾಗಿಸಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಈ ಭೇದವನ್ನು 2005ರ ಕೇಂದ್ರ ತಿದ್ದುಪಡಿ ಅಳಿಸಿತು. ಆ ಹಕ್ಕಿಗೆ 2005ರಲ್ಲಿ ತಂದೆ ಜೀವಂತನಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. ಮಗನಿಗಾಗಿ ವಿಜ್ಞಾನೇಶ್ವರನು ಸಮರ್ಥಿಸಿದ ಜನ್ಮಸ್ವತ್ವವನ್ನು ಈ ಕಾನೂನುಗಳು ಕೈಬಿಡಲಿಲ್ಲ, ಮಗಳಿಗೂ ವಿಸ್ತರಿಸಿದವು.